ಕಾರ್ಪೆಟ್ ಕಿತ್ತ ಮೇಲೆ ಕಾಣುವ ನೆಲ

ಮಲೆನಾಡಿನಲ್ಲಿ ನಾಲ್ಕಾರು ಮಳೆಗಾಲ ಕಂಡ ಗಾಡಿಯ ಕಾರ್ಪೆಟ್ಟನ್ನು ಕಿತ್ತು, ಅಂಗಳದಲ್ಲಿ ಮಗುಚಿ ಹಾಕಿ ನೋಡಬೇಕು. ಮೇಲ್ಮೈ ಒಣಗಿರುತ್ತದೆ. ಬ್ರಷ್ ಹಾಕಿ ಉಜ್ಜಿದರೆ ಇನ್ನೆರಡು ವರ್ಷ ಬಾಳಿಕೆ ಬಂದೀತು ಅನ್ನಿಸುತ್ತದೆ. ಅಡಿಗೆ ಅಂಟಿರುವ ಫೆಲ್ಟಿನ ಪದರ ಬೇರೆಯೇ ಕಥೆ ಹೇಳುತ್ತದೆ. ಕೈಯಲ್ಲಿ ಹಿಂಡಿದರೆ ಕಂದು ನೀರು ಇಳಿಯುತ್ತದೆ. ನೀರು ನಿಂತು, ಆರಿ, ಮತ್ತೆ ನಿಂತ ಗುರುತಾಗಿ ಒಂದರೊಳಗೊಂದು ಉಂಗುರ ಬಿದ್ದಿರುತ್ತವೆ. ಉಂಗುರದ ನಡುವೆ ಇಟ್ಟಿಗೆ ಪುಡಿ ಉದುರಿಸಿದಂಥ ಕೆಂಪು. ಆ ಕೆಂಪಿಗೆ ಸರಿಯಾಗಿ ಕೆಳಗಿನ ತಗಡಿನ ಮೇಲೂ ಅಷ್ಟೇ ಅಗಲದ ತುಕ್ಕು ಇರುತ್ತದೆ. ಈ ಫೆಲ್ಟನ್ನು ಕೂಡಲೇ ಬಿಸಾಡಬಾರದು. ನೀರು ಎಲ್ಲಿಂದ ಬಂತು, ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಎಂಬುದರ ನಕಾಶೆ ಅದು.

ಕಾರ್ಪೆಟ್ ತೆಗೆದು, ತಗಡಿನ ಮೇಲೆಯೇ ತೊಳೆಯಬಹುದಾದ ಗಟ್ಟಿ ಕೋಟಿಂಗ್ ಹೊಡೆಯುವ ಕೆಲಸಕ್ಕೆ ಇಳಿದವರಲ್ಲಿ ಹೆಚ್ಚಿನವರು ಯಾವ ಕಂಪನಿಯ ಕೋಟಿಂಗ್, ಎಷ್ಟು ರೇಟು ಎಂದು ಮೊದಲು ವಿಚಾರಿಸುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹತ್ತು ಪಾಲಿನ ಕೆಲಸದಲ್ಲಿ ಕೋಟಿಂಗ್ ಹೊಡೆಯುವುದು ಒಂದು ಪಾಲು. ನೀರಿನ ದಾರಿ ಹುಡುಕುವುದು, ತುಕ್ಕನ್ನು ನಿಜವಾಗಿ ತೆಗೆಯುವುದು, ತಗಡನ್ನು ಶುಚಿ ಮಾಡುವುದು, ನೀರು ಹೊರಹೋಗಲು ದಾರಿ ಮಾಡುವುದು ಉಳಿದ ಒಂಬತ್ತು. ಆ ಒಂಬತ್ತು ಪಾಲನ್ನು ಬಿಟ್ಟು ಹೊಡೆದ ಕೋಟಿಂಗ್, ಎಷ್ಟು ದುಬಾರಿಯದಾದರೂ, ತುಕ್ಕಿಗೆ ಹೊದಿಸಿದ ಕಂಬಳಿ.

ನಮ್ಮ ಕಡೆ ಈ ಕೆಲಸಕ್ಕೆ ವಿಶೇಷ ಕಾರಣಗಳಿವೆ. ಗಾಳಿಯ ತೇವ ಸುಮಾರು ಶೇ. 60 ದಾಟಿದರೆ ಬರಿ ಉಕ್ಕು ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಒದ್ದೆ ಕಾಲಲ್ಲಿ ಹತ್ತಿದ ನೀರು ಫೆಲ್ಟಿಗೆ ಇಳಿದರೆ ದೀಪಾವಳಿವರೆಗೂ ಆರುವುದಿಲ್ಲ. ತೋಟದ ಗಾಡಿಯಾದರೆ ನೀರಿನ ಜತೆ ಇನ್ನೂ ಏನೇನೋ ಇಳಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣದ ದ್ರಾವಣ) ಮಾಡುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಸುಣ್ಣ ಸಾಕಾಗಿದೆಯೇ ಎಂದು ನೋಡಲು ದ್ರಾವಣಕ್ಕೆ ಕತ್ತಿ ಅದ್ದುತ್ತೇವೆ, ಅಲಗಿನ ಮೇಲೆ ತಾಮ್ರ ಕೆಂಪಗೆ ಕೂತರೆ ಇನ್ನೂ ಸುಣ್ಣ ಬೇಕು. ಅಷ್ಟು ತಾಮ್ರ ಕೂರುವಾಗ ಅಲಗಿನ ಕಬ್ಬಿಣ ಕರಗಿರುತ್ತದೆ. ಮೈಲುತುತ್ತದ ಚೀಲದಿಂದ ಸೋರಿದ ಪುಡಿ ಒದ್ದೆ ನೆಲದಲ್ಲಿ ಕರಗಿದರೆ ಗಾಡಿಯ ತಗಡಿಗೂ ಆಗುವುದು ಅದೇ. ಪೊಟ್ಯಾಷ್ ಗೊಬ್ಬರದಲ್ಲಿ ಇರುವುದು ಕ್ಲೋರೈಡ್, ಕರಾವಳಿಯ ಮೀನಿನ ಪೆಟ್ಟಿಗೆಯಿಂದ ಸೋರುವುದು ಉಪ್ಪುನೀರು. ತುಕ್ಕಿನ ಮಟ್ಟಿಗೆ ಎರಡೂ ಬೆಂಕಿಗೆ ತುಪ್ಪ ಸುರಿದಂತೆ. ಇಂಥ ಗಾಡಿಯಲ್ಲಿ ಕಾರ್ಪೆಟ್ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರ್ಪೆಟ್ ಮೇಲೆಯೇ ಗೋಡೆಯಿಂದ ಗೋಡೆಗೆ ಹೊಲಿದು ಕೂರಿಸುವ 7ಡಿ ಮ್ಯಾಟ್ ಇದಕ್ಕೆ ಪರಿಹಾರವಲ್ಲ. ಮೇಲಿನ ಕೆಸರು ಒರೆಸಲು ಸುಲಭ, ನಿಜ. ಆದರೆ ಬಾಗಿಲಿನ ಒಳಗಿಂದಲೋ ಎಸಿಯಿಂದಲೋ ಬರುವ ನೀರು ಮ್ಯಾಟಿನ ಕೆಳಗೇ ಸೇರುತ್ತದೆ. ಮೊದಲು ಆವಿಯಾಗಿಯಾದರೂ ಹೋಗುತ್ತಿದ್ದ ನೀರಿಗೆ ಈಗ ಆ ದಾರಿಯೂ ಮುಚ್ಚಿತು.

ಯಾವ ಗಾಡಿಗೆ ಈ ಕೆಲಸ ಹೊಂದುತ್ತದೆ? ಮಾರುತಿ ಓಮ್ನಿ, ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳು, ಪಿಕಪ್‌ಗಳು ಹೇಳಿ ಮಾಡಿಸಿದಂತಿವೆ. ನೆಲ ಬಹುತೇಕ ಬರಿ ತಗಡು, ವೈರಿಂಗ್ ಕಡಿಮೆ, ಸೀಟು ಬಿಚ್ಚಿದರೆ ಕೆಲಸ ಕೈಗೆ ಸಿಗುತ್ತದೆ. 2020ರಲ್ಲಿ ಬಂದ ಥಾರ್‌ಗೆ ಕಂಪನಿಯೇ ತೊಳೆಯಬಹುದಾದ ನೆಲ, ನೀರು ಬಿಡಲು ಡ್ರೈನ್ ಪ್ಲಗ್ ಕೊಟ್ಟಿತು. ಈಗಿನ ಹ್ಯಾಚ್‌ಬ್ಯಾಕ್, ಸೆಡಾನ್‌ಗಳದ್ದು ಬೇರೆ ಲೆಕ್ಕ. ಅವುಗಳ ಕಾರ್ಪೆಟ್ಟಿನ ಅಡಿಯ ಫೋಮ್ 15–25 ಮಿ.ಮೀ. ದಪ್ಪ ಇರಬಹುದು. ವೈರಿಂಗ್ ಕಟ್ಟುಗಳಿಗೆ, ಹಿಂದಿನ ಸೀಟಿನ ಎಸಿ ಪೈಪಿಗೆ ಅದರಲ್ಲೇ ಕಾಲುವೆ ಕೊರೆದಿರುತ್ತಾರೆ. ಫೋಮ್ ತೆಗೆದರೆ ವೈರು ಕಾಲಡಿಗೆ ಬರುತ್ತದೆ, ಹಿಮ್ಮಡಿ ಅಷ್ಟು ಕೆಳಗಿಳಿದು ಪೆಡಲಿನ ಕೋನ ಬದಲಾಗುತ್ತದೆ, ಮುಂದಿನ ಸೀಟುಗಳ ನಡುವಿನ ಕನ್ಸೋಲಿನ ಅಂಚಿನಲ್ಲಿ ಸಂದು ಬಾಯಿ ಬಿಡುತ್ತದೆ. ಊರಲ್ಲಿ ಆಫೀಸಿಗೆ ಓಡಾಡುವ ಕಾರಿಗೆ ಇದೆಲ್ಲ ಬೇಡ. ಸೋರಿಕೆ ನಿಲ್ಲಿಸಿ, ಕಾರ್ಪೆಟ್ ಒಣಗಿಸಿ ವಾಪಸ್ ಹಾಕುವುದೇ ಸರಿ.

ಕೆಲಸಕ್ಕೆ ಕಾಲವೂ ಮುಖ್ಯ. ತಗಡಿನ ಬಿಸಿ ಇಬ್ಬನಿಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ಕೋಟಿಂಗ್ ಕೆಲಸದ ಮೂಲ ನಿಯಮ. ಇಬ್ಬನಿಬಿಂದು ಎಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣಾಂಶ. ಜುಲೈಯಲ್ಲಿ 26 ಡಿಗ್ರಿ ಬಿಸಿ, ಶೇ. 85 ತೇವ ಇದ್ದರೆ ಇಬ್ಬನಿಬಿಂದು ಹತ್ತಿರ ಹತ್ತಿರ 23. ಗಾಳಿಯಷ್ಟೇ ಬಿಸಿಯಿರುವ ತಗಡು ಗಡಿಯ ಮೇಲೆಯೇ ನಿಂತಿರುತ್ತದೆ. ಬೆಳಗಿನ ತಂಪಿಗೆ ಕಣ್ಣಿಗೆ ಕಾಣದ ತೆಳು ನೀರು ಕೂತಿರುತ್ತದೆ. ಫೆಬ್ರವರಿಯಲ್ಲಿ 30 ಡಿಗ್ರಿ, ಶೇ. 45 ತೇವ ಇದ್ದರೆ ಇಬ್ಬನಿಬಿಂದು 17. ಹದಿಮೂರು ಡಿಗ್ರಿ ಅಂತರ ಸಿಕ್ಕಿತು. ಹಾಗಾಗಿ ಜನವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ, ಬೆಳಿಗ್ಗೆ ಹತ್ತರ ಮೇಲೆ ಹೊಡೆಯಬೇಕು. ಮೊದಲ ಮುಂಗಾರು ಮಳೆ ಬಂದ ಮೇಲೆ ಗಡಿಬಿಡಿಯಲ್ಲಿ ಶುರು ಮಾಡುವುದಕ್ಕಿಂತ ಆ ವರ್ಷ ಕಾರ್ಪೆಟ್ ಕಿತ್ತು ಬರಿ ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿ ಓಡಿಸುವುದು ಮೇಲು.

ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕನಿಷ್ಠ ಹತ್ತು ನಿಮಿಷ ಕಾಯಬೇಕು. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದೋ ಬೆಲ್ಟ್ ಬಿಗಿಯುವ ಸಾಧನದ್ದೋ ಆಗಿರುತ್ತದೆ. ಅದನ್ನು ಮೀಟರ್ ಹಾಕಿ ಪರೀಕ್ಷೆ ಮಾಡಬಾರದು, ಅದು ಬಿಚ್ಚಿರುವಾಗ ಬ್ಯಾಟರಿ ಕೊಟ್ಟು ಇಗ್ನಿಷನ್ ಹಾಕಬಾರದು. ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು, ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ. ಸೀಟಿನ ನಾಲ್ಕು ಬೋಲ್ಟ್ ಹೆಚ್ಚಾಗಿ 14 ಅಥವಾ 17ರ ಸಾಕೆಟ್. ಆಮೇಲೆ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ, ಪಕ್ಕದ ಪ್ಯಾನೆಲ್, ಕನ್ಸೋಲ್, ಗೇರ್ ಕಡ್ಡಿಯ ಬುಡದ ಹೊದಿಕೆ (ಬೂಟ್), ಬೆಲ್ಟಿನ ಕೆಳಗಿನ ಬೋಲ್ಟ್. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ, ಗಾಡಿಯ ಅಡಿಯಿಂದ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಬೇಕು. ಇಲ್ಲದಿದ್ದರೆ ಬೋಲ್ಟ್ ಮುರಿಯಬಹುದು, ಇಲ್ಲವೇ ಒಳಗೆ ಬೆಸೆದ ನಟ್ ಕಿತ್ತು ಬರಬಹುದು. ಆಗ ಅರ್ಧ ಗಂಟೆಯ ಕೆಲಸಕ್ಕೆ ಒಂದು ದಿನ ಬೇಕು.

ನೆಲ ಬರಿದಾದ ಮೇಲೆ ಸೋರಿಕೆ ಪತ್ತೆ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತ ಹೋಗಬೇಕು, ಒಂದೊಂದು ಜಾಗಕ್ಕೆ ಐದು ನಿಮಿಷ. ಮೊದಲೇ ಛಾವಣಿ ಮೇಲೆ ಸುರಿದರೆ ಎಲ್ಲ ಕಡೆ ನೀರಾಗಿ ಏನೂ ಗೊತ್ತಾಗುವುದಿಲ್ಲ. ಒಳಗೆ ತಗಡಿಗೆ ತಗಡು ಕೂಡುವ ಹೊಲಿಗೆಗಳ ಉದ್ದಕ್ಕೂ ಹಳೆ ಪೇಪರ್ ಅಂಟಿಸಿದರೆ ಮೊದಲ ಹನಿ ಬಿದ್ದಲ್ಲಿ ಕಪ್ಪಾಗುತ್ತದೆ. ಅತಿ ಹೆಚ್ಚು ಸಲ ಸಿಕ್ಕಿಬೀಳುವ ತಪ್ಪು ಯಾರೂ ಅನುಮಾನಿಸದ ಜಾಗದಲ್ಲಿರುತ್ತದೆ. ಬಾಗಿಲಿನ ಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಬಾಗಿಲಿನೊಳಗೇ ಹರಿದು ಕೆಳ ಅಂಚಿನ ತೂತುಗಳಿಂದ ಹೊರಹೋಗಬೇಕು. ಸ್ಪೀಕರ್ ಹಾಕಿಸಲು ಆ ಹಾಳೆಯನ್ನು ಹರಿದಿದ್ದರೆ, ಇಲ್ಲವೇ ಕೆಳಗಿನ ತೂತಿಗೆ ಕೆಸರು ಕಟ್ಟಿದ್ದರೆ, ನೀರು ಹೊಸ್ತಿಲು ದಾಟಿ ನೆಲಕ್ಕೆ ಬರುತ್ತದೆ. ಮುಂಗಾಜಿನ ಕೆಳಗೆ ಎಲೆ ತುಂಬಿದ ತೊಟ್ಟಿ, ಹಿಂದಿನ ದೀಪದ ಗ್ಯಾಸ್ಕೆಟ್, ಕ್ಯಾರಿಯರ್ ಕೂರಿಸಲು ಛಾವಣಿಗೆ ಕೊರೆದ ತೂತುಗಳು, ಎಂಜಿನ್ ಕಡೆಯಿಂದ ವೈರು ಒಳಬರುವ ರಬ್ಬರು, ಇವೆಲ್ಲ ನೋಡಬೇಕಾದವು. ಎಡಗಡೆ ಮುಂದೆ ಮಾತ್ರ ಒದ್ದೆಯಿದ್ದು, ಎಸಿ ಹಾಕಿದ ದಿನ ಹೆಚ್ಚಾಗುತ್ತಿದ್ದರೆ ಎಸಿಯ ನೀರಿನ ಪೈಪ್ ಕಟ್ಟಿದೆ ಎಂದರ್ಥ. ಬೆರಳಿಗೆ ಜಾರುಜಾರಾಗಿ, ಸಿಹಿ ವಾಸನೆ ಬಂದರೆ ಅದು ನೀರಲ್ಲ, ಹೀಟರಿನಿಂದ ಸೋರುತ್ತಿರುವ ಕೂಲೆಂಟ್. ಇದನ್ನು ಸರಿ ಮಾಡದೆ ಮುಂದೆ ಹೋಗಲೇಬಾರದು.

ಈಗ ತಗಡು. ಕಾರ್ಖಾನೆಯಲ್ಲಿ ಸದ್ದು ತಗ್ಗಿಸಲು ಅಂಟಿಸಿದ ಟಾರಿನಂಥ ಕಪ್ಪು ಹಾಳೆಗಳಿರುತ್ತವೆ. ಅವುಗಳ ಮೇಲೆಯೇ ಕೋಟಿಂಗ್ ಹೊಡೆದರೆ ದ್ರಾವಕಕ್ಕೆ ಟಾರು ಕರಗಿ ಮೇಲೆ ಬರುತ್ತದೆ, ಬೇಸಿಗೆಯಲ್ಲಿ ಮೆತ್ತಗಾಗಿ ಕೋಟಿಂಗ್ ಬಿರುಕು ಬಿಡುತ್ತದೆ. ಡ್ರೈ ಐಸ್ ಸಿಗುವ ಊರಾದರೆ ಪುಡಿ ಮಾಡಿ ಹತ್ತು ನಿಮಿಷ ಹರಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಾಳೆ ಹಪ್ಪಳದಂತೆ ಒಡೆದು ಬರುತ್ತದೆ. ಮೈನಸ್ 78 ಡಿಗ್ರಿಯ ವಸ್ತು ಅದು, ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬಾರದು. ಅದರಿಂದೇಳುವ ಗಾಳಿ ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ, ಬಾಗಿಲೆಲ್ಲ ತೆರೆದಿರಬೇಕು. ಸಿಗದ ಊರಲ್ಲಿ ಹೀಟ್ ಗನ್ ಮತ್ತು ಕೆರೆಯುವ ಅಗಲ ಪಟ್ಟಿಯೇ ಗತಿ. ಉಳಿದ ಅಂಟನ್ನು ಥಿನ್ನರ್ ಹಾಕಿದ ಬಟ್ಟೆಯಲ್ಲಿ ತೆಗೆಯಬೇಕು, ಹೀಟ್ ಗನ್ ತಣ್ಣಗಾದ ಮೇಲೆ ಮಾತ್ರ.

ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನೆಲ್ಲ ತಟ್ಟುತ್ತ ಹೋದರೆ ಗಟ್ಟಿ ತಗಡು ಠಣ್ ಅನ್ನುತ್ತದೆ. ಸತ್ತ ತಗಡು ಮೊಂಡು ಸದ್ದು ಕೊಡುತ್ತದೆ. ಅನುಮಾನ ಬಂದಲ್ಲಿ ತುದಿಯಿಂದ ಒತ್ತಿ ನೋಡಬೇಕು. ಮೇಲ್ತುಕ್ಕಾದರೆ ವೈರ್ ಬ್ರಷ್ ಸಾಕು. ಕುಳಿ ಬಿದ್ದಿದ್ದರೆ ವೈರ್ ಬ್ರಷ್ ಕುಳಿಯೊಳಗಿನ ತುಕ್ಕನ್ನು ತಿಕ್ಕಿ ಹೊಳೆಯಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಹೊಳಪು ನೋಡಿ ಮೋಸ ಹೋಗಬಾರದು. ಅಲ್ಲಿ ಗ್ರೈಂಡರಿಗೆ 80ರ (ಎಮರಿಯ ಉರುಟಿನ ನಂಬರ್) ಫ್ಲ್ಯಾಪ್ ಡಿಸ್ಕ್ ಹಾಕಿ ಹಗುರವಾಗಿ ಹಿಡಿದು, ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ತುಕ್ಕು ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಬೇಕು. ಆಮ್ಲ ಉಳಿದರೆ ಮುಂದೆ ಹಚ್ಚುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಷ್ಟು ಮಾಡಿದ ಮೇಲೂ ಆ ಜಾಗ ಮೂರು ವರ್ಷದಲ್ಲಿ ಮತ್ತೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ತೂತಾಗಿದ್ದರೆ ಟಿಂಕರಿಂಗ್ ಕೆಲಸವೇ ಆಗಬೇಕು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟಿನ ತುಂಡು ಕೂರಿಸಿ, ಸಿಒಟು ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಜಾಗ ಬದಲಿಸುತ್ತ ಬೆಸೆಯಬೇಕು. ಒಂದೇ ಎಳೆತಕ್ಕೆ ಬೆಸೆದರೆ ತಗಡು ಸೊಟ್ಟಗಾಗುತ್ತದೆ. ಅದಕ್ಕೂ ಮೊದಲು ಗಾಡಿಯ ಕೆಳಗೆ ಮಲಗಿ ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಿ ಹೋಗಿದೆ ನೋಡಿ, ಅಡಿಯ ಟಾರ್ ಕೋಟಿಂಗನ್ನು ಅಂಗೈ ಅಗಲ ಕೆರೆದು, ಬಕೆಟ್ ನೀರು ಇಟ್ಟುಕೊಂಡು ಒಬ್ಬರು ಕೆಳಗೇ ಕೂರಬೇಕು. ಬೆಸುಗೆಯ ಹಿಂಬದಿಗೂ ಪ್ರೈಮರ್ ಆಗಬೇಕು. ಅದು ಮರೆತರೆ ಹೊಸ ತುಂಡು ಹಳೆಯದಕ್ಕಿಂತ ಬೇಗ ಹೋಗುತ್ತದೆ. ತುಕ್ಕಿನ ತೂತಿಗೆ ಫೈಬರ್ ಬಟ್ಟೆ, ಪುಟ್ಟಿ ಮೆತ್ತಿ ಮೇಲೆ ಕೋಟಿಂಗ್ ಹೊಡೆಯುವ ಪದ್ಧತಿ ಕಂಡರೆ ಕೆಲಸ ನಿಲ್ಲಿಸಿ. ಸೀಟಿನ ಬುಡ, ಬೆಲ್ಟಿನ ಬುಡ, ಹೊಸ್ತಿಲು, ಅಡ್ಡ ಪಟ್ಟಿಗಳ ಬಳಿ ಹಾಗೆ ಮಾಡುವುದು ಕೂತವರ ಪ್ರಾಣದ ಜತೆ ಆಡುವ ಆಟ. ಡಿಕ್ಕಿಯಾದಾಗ ಮನುಷ್ಯನ ಭಾರ ಹಿಡಿಯುವುದು ಆ ತಗಡೇ.

ಶುಚಿಗೊಳಿಸುವಾಗ ಕ್ರಮ ತಪ್ಪಬಾರದು. ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು, ಮತ್ತೆ ಜಿಡ್ಡು ತೆಗೆಯಬೇಕು. ಮೊದಲೇ ಉಜ್ಜಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. ಸೀಮೆಎಣ್ಣೆ, ಡೀಸೆಲ್ಲಿನಲ್ಲಿ ಒರೆಸುವ ಅಭ್ಯಾಸ ಬೇಡ, ಅವೇ ಎಣ್ಣೆಯ ಪದರ ಬಿಡುತ್ತವೆ. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಪೈಂಟ್ ಅಂಗಡಿಯ ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಬೇಕು. ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ದೊಡ್ಡ ಶತ್ರು. ಸಿಂಪಡಿಸಿದಾಗ ನೆಲಕ್ಕೂ ಬಿದ್ದಿರುತ್ತದೆ. ಆ ಚುಕ್ಕೆಗಳ ಮೇಲೆ ಪ್ರೈಮರ್ ನಿಲ್ಲದೆ ಮೀನಿನ ಕಣ್ಣಿನಂತೆ ದುಂಡಗೆ ಸರಿದು ನಿಲ್ಲುತ್ತದೆ. ಬರಿ ತಗಡಿಗೆ 80, ಗಟ್ಟಿಯಿರುವ ಕಂಪನಿ ಪೈಂಟಿಗೆ 180ರ ಎಮರಿ ಪೇಪರ್. ಪೈಂಟನ್ನೆಲ್ಲ ತೆಗೆಯಬೇಕಿಲ್ಲ, ಅದಕ್ಕಿಂತ ಒಳ್ಳೆಯ ಪ್ರೈಮರ್ ನಮ್ಮ ಕೈಯಲ್ಲಾಗದು. ಹೊಳಪು ಸಾಯಬೇಕು, ಅಷ್ಟೇ. ಕೊನೆಗೆ ಒಂದು ಲೋಟ ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿದರೆ ತಗಡು ಶುಚಿ. ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಇನ್ನೂ ಜಿಡ್ಡಿದೆ.

ಪ್ರೈಮರ್ ಎಂದರೆ ಇಲ್ಲಿ ಎರಡು ಡಬ್ಬಿಯ ಎಪಾಕ್ಸಿ. ರೆಡ್ ಆಕ್ಸೈಡ್ ಬೇಡ. ಗೇಟು, ಕಿಟಕಿಗೆ ಅದು ಒಳ್ಳೆಯದೇ, ಆದರೆ ಮೇಲೆ ಬರುವ ಪಾಲಿಯುರೆಥೇನ್ ಕೋಟಿಂಗಿನ ಕಟು ದ್ರಾವಕಕ್ಕೆ ಅದು ಸುಕ್ಕುಗಟ್ಟಿ ಎದ್ದು ಬರುತ್ತದೆ. ನಾಲ್ಕು ಚದರ ಮೀಟರ್ ನೆಲಕ್ಕೆ ಎರಡು ಕೈ (ಪದರ) ಎಪಾಕ್ಸಿ, ಒಣಗಿದ ಮೇಲೆ ಒಟ್ಟು ಸುಮಾರು 60 ಮೈಕ್ರಾನ್ ಕೂರಲು ಒಂದು ಲೀಟರ್ ಧಾರಾಳ. ತಗಡು ಉಜ್ಜಿದ ದಿನವೇ ಮೊದಲ ಕೈ ಆಗಬೇಕು. ರಾತ್ರಿ ಕಳೆದರೆ ಕರಾವಳಿಯಲ್ಲಿ ಬೆಳಗಾಗುವಷ್ಟರಲ್ಲಿ ಬರಿ ತಗಡಿಗೆ ಹಳದಿ ಬಣ್ಣ ಹತ್ತಿರುತ್ತದೆ. ಎಪಾಕ್ಸಿ ಮೇಲೆ ಹೊಲಿಗೆಗಳಿಗೆ ಪಾಲಿಯುರೆಥೇನ್ ಸೀಲೆಂಟ್ ಎಳೆಯಬೇಕು, ಸಿಲಿಕೋನ್ ಅಲ್ಲ. 310 ಮಿ.ಲೀ. ಟ್ಯೂಬಿನಲ್ಲಿ 5 ಮಿ.ಮೀ. ದಪ್ಪದ ಗೆರೆ ಸುಮಾರು 15 ಮೀಟರ್ ಬರುತ್ತದೆ. ಜೀಪಿಗೆ ಎರಡು ಟ್ಯೂಬ್ ಇಟ್ಟುಕೊಂಡರೆ ಸಾಕು.

ಮರೆಮಾಡುವ ಕೆಲಸಕ್ಕೆ ಅರ್ಧ ದಿನ ಕೊಡಿ. ಸೀಟಿನ ಕಾಲು ಕೂರುವ ಜಾಗ ಬರಿ ಪ್ರೈಮರಿನಲ್ಲೇ ಇರಬೇಕು. ಕೋಟಿಂಗಿನ ಮೆತ್ತನೆಯ ಪದರದ ಮೇಲೆ ಬಿಗಿದ ಬೋಲ್ಟ್ ದಿನ ಕಳೆದಂತೆ ಸಡಿಲವಾಗುತ್ತದೆ. ಬೆಲ್ಟಿನ ಬೋಲ್ಟಿನ ಜಾಗವೂ ಹಾಗೇ. ಆ ಬೋಲ್ಟಿನ ಹಲ್ಲು ಹೆಚ್ಚಿನ ಗಾಡಿಗಳಲ್ಲಿ 7/16 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಹಲ್ಲು), ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ಬೋಲ್ಟನ್ನು ತಿರುಗಿಸಿದರೆ ಹಲ್ಲು ಹಾಳಾಗುತ್ತದೆ. ಹಳೆಯ ಬೋಲ್ಟುಗಳನ್ನೇ ತೂತಿಗೆ ತಿರುಗಿಸಿಟ್ಟು ತಲೆಗೆ ಟೇಪ್ ಸುತ್ತಿದರೆ ಹಲ್ಲು ಉಳಿಯುತ್ತದೆ. ಅರ್ಥಿಂಗ್ ವೈರಿನ ಜಾಗಗಳಿಗೂ ಟೇಪ್ ಬೇಕು, ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಹಿಂದಿನ ದೀಪ ಮಿಣಮಿಣ ಅನ್ನುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಚಾಸಿ ನಂಬರ್. ಕೆಲವು ಗಾಡಿಗಳಲ್ಲಿ ಅದನ್ನು ಮುಂದಿನ ಸೀಟಿನ ಕೆಳಗಿನ ತಗಡಿನ ಮೇಲೆಯೇ ಕೊರೆದಿರುತ್ತಾರೆ. ಅದರ ಮೇಲೆ ಒಂದು ಮಿಲಿಮೀಟರ್ ಕೋಟಿಂಗ್ ಕೂತರೆ ಮುಂದೆ ಆರ್‌ಟಿಒ ಕೆಲಸಕ್ಕೆ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಲಾಗದು. ಕೆರೆಯಲು ಹೋದರೆ ಅಂಕಿಯೇ ಕೆಟ್ಟು, ನಂಬರ್ ತಿದ್ದಿದ ಗಾಡಿಯೆಂಬ ಅನುಮಾನ ಬರುತ್ತದೆ. ಅದಕ್ಕೆ ಟೇಪ್ ಹಾಕಿ, ಕೊನೆಗೆ ಬರಿ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹಚ್ಚಿ.

ಕೋಟಿಂಗಿನ ಆಯ್ಕೆ ಈಗ. ಗಾಡಿಯ ಅಡಿಗೆ ಹೊಡೆಯುವ ಕಪ್ಪು ಆಂಟಿರಸ್ಟ್ ಕೋಟಿಂಗನ್ನು ಒಳಗೂ ಹೊಡೆಸುವವರಿದ್ದಾರೆ. ಅದು ಟಾರಿನ ಜಾತಿ: ಬಿಸಿಲಿಗೆ ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಎನಾಮೆಲ್ ಮರಳಿಗೆ ಸವೆದುಹೋಗುತ್ತದೆ. ಕಾರ್ಖಾನೆ ನೆಲದ ಎಪಾಕ್ಸಿ ಪೈಂಟ್ ಗಟ್ಟಿಯೇನೋ ಹೌದು, ಆದರೆ ಗಾಡಿಯ ನೆಲ ಬಾಗುತ್ತ ಬಳುಕುತ್ತ ಇರುವುದರಿಂದ ಕೂದಲೆಳೆಯ ಬಿರುಕು ಬೀಳುತ್ತದೆ. ಉಳಿದದ್ದು ಪಾಲಿಯುರೆಥೇನ್, ಪಾಲಿಯೂರಿಯಾ. ಒಂದೇ ಡಬ್ಬಿಯದ್ದು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ರಬ್ಬರ್ ಕಾಳು ಸೇರಿರುತ್ತದೆ, ರೋಲರಿನಲ್ಲಿ ಹಚ್ಚಬಹುದು. ಎರಡು ಡಬ್ಬಿಯದ್ದನ್ನು ಸಾಮಾನ್ಯವಾಗಿ ಮೂರು ಪಾಲಿಗೆ ಒಂದು ಪಾಲು ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಸೇರಿಸಿ, ಸಣ್ಣ ಕಂಪ್ರೆಸರಿನ ಗನ್ನಿನಲ್ಲಿ ಹೊಡೆಯುತ್ತಾರೆ. ಪಿಕಪ್ ತೊಟ್ಟಿಗಳಿಗೆಂದು ಬಂದ ರ‍್ಯಾಪ್ಟರ್‌ನಂಥವು ಈ ಬಗೆ. ಮೂರನೆಯದು ದೊಡ್ಡ ಯಂತ್ರದಲ್ಲಿ ಬಿಸಿ ಮಾಡಿ, ಭಾರೀ ಒತ್ತಡದಲ್ಲಿ ಹೊಡೆಯುವ ಪಾಲಿಯೂರಿಯಾ. ಸೆಕೆಂಡುಗಳಲ್ಲಿ ಗಟ್ಟಿಯಾಗಿ ಎರಡು ಮೂರು ಮಿಲಿಮೀಟರ್ ಕೂರುತ್ತದೆ. ಯಂತ್ರ ಇರುವವರೇ ಮಾಡಬೇಕು. ಗೊಬ್ಬರ, ಸಿಲಿಂಡರ್, ಕಬ್ಬಿಣ ಸಾಗಿಸುವ ತೊಟ್ಟಿಗೆ ಅದು ಸರಿ. ಜನ ಕೂರುವ ಜಾಗಕ್ಕೆ ಎರಡು ಡಬ್ಬಿಯದ್ದೇ ಸಾಕು ಅನ್ನುವೆ. ತೆಳ್ಳಗಿರುತ್ತದೆ, ಕೆಟ್ಟರೆ ತೇಪೆ ಹಾಕಬಹುದು.

ಎಷ್ಟು ಬೇಕು ಎಂಬುದಕ್ಕೆ ಅಂಗಡಿಯವರ ಮಾತಿಗಿಂತ ಲೆಕ್ಕ ಮೇಲು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪ ಎಂದರೆ ಒಣಗಿದ ಲೆಕ್ಕದಲ್ಲಿ ಒಂದು ಲೀಟರ್. ನೆಲ ಅಳೆದು, ಎಂಜಿನ್ ಕಡೆಯ ಏರು, ನೆಲದ ನಡುವಿನ ಉದ್ದ ಉಬ್ಬು (ಟನಲ್), ಹೊಸ್ತಿಲ ಒಳಬದಿ ಸೇರಿಸಿದರೆ ಜೀಪಿನಂಥ ಗಾಡಿಯ ಮುಂಭಾಗ ಮತ್ತು ನಡುಭಾಗ ಸೇರಿ ನಾಲ್ಕು ಚದರ ಮೀಟರ್ ಬರುತ್ತದೆ ಎನ್ನೋಣ. 0.6 ಮಿ.ಮೀ. ಬೇಕಾದರೆ 2.4 ಲೀಟರ್ ಗಟ್ಟಿ ವಸ್ತು. ಡಬ್ಬಿಯಲ್ಲಿ ಶೇ. 60 ಮಾತ್ರ ಗಟ್ಟಿ ವಸ್ತು, ಉಳಿದದ್ದು ಆರಿಹೋಗುವ ದ್ರಾವಕವಾದರೆ 4 ಲೀಟರ್ ಹೊಡೆಯಬೇಕು. ಗಾಳಿಗೆ ಹಾರಿಹೋಗುವುದಕ್ಕೆ ಇನ್ನರ್ಧ ಲೀಟರ್. ಈ ಶೇಕಡಾ ಲೆಕ್ಕವನ್ನು ಆಯಾ ಡಬ್ಬಿಯ ತಾಂತ್ರಿಕ ಹಾಳೆಯಲ್ಲಿ ಕೊಟ್ಟಿರುತ್ತಾರೆ, ಕೇಳಿ ಪಡೆಯಬೇಕು.

ಹಾರ್ಡ್ನರ್ ಅಳತೆ ಕಣ್ಣಂದಾಜಲ್ಲ. ಕಡಿಮೆಯಾದರೆ ತಿಂಗಳಾದರೂ ಅಂಟು ಹೋಗುವುದಿಲ್ಲ, ಹೆಚ್ಚಾದರೆ ಪೆಡಸಾಗಿ ಚಕ್ಕೆ ಏಳುತ್ತದೆ. ಎರಡು ನಿಮಿಷ ಬಿಡದೆ ಕುಲುಕಿ, ಒಮ್ಮೆಗೆ ಒಂದು ಬಾಟಲಿ ಮಾತ್ರ ಕಲಸಿ. ಮೂಲೆ, ಹೊಲಿಗೆಗಳಿಗೆ ಮೊದಲು ಬ್ರಷ್ಷಿನಲ್ಲಿ. ಆಮೇಲೆ 40–60 ಪಿಎಸ್‌ಐ ಒತ್ತಡದಲ್ಲಿ, ಮೊಣಕೈ ಉದ್ದದ ದೂರದಿಂದ ತೆಳುವಾದ ಮೊದಲ ಕೈ. ಒಂದು ಗಂಟೆ ಬಿಟ್ಟು ಎರಡನೆಯ ಕೈ, ಮೊದಲಿನದಕ್ಕೆ ಅಡ್ಡಡ್ಡ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಚರ್ಮ ಕಟ್ಟಿ ದ್ರಾವಕ ಒಳಗೇ ಉಳಿದು ಗುಳ್ಳೆಯಾಗುತ್ತದೆ. ತೇವದ ದಿನವಾದರೆ ಇನ್ನೊಂದು ಬಗೆಯ ಗುಳ್ಳೆ: ಹಾರ್ಡ್ನರಿನ ಐಸೊಸಯನೇಟ್ ನೀರಿನ ಜತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ, ಆ ತೂತುಗಳಿಂದಲೇ ಮುಂದೆ ನೀರು ತಗಡಿಗೆ ಇಳಿಯುತ್ತದೆ. ಒತ್ತಡ ಹೆಚ್ಚಿದ್ದರೆ ಮೇಲ್ಮೈ ನಯ, ಕಡಿಮೆಯಿದ್ದರೆ ಉರುಟು. ಉರುಟು ನೋಡಲು ಗಟ್ಟಿಮುಟ್ಟಾಗಿ ಕಂಡರೂ ಅದರೊಳಗೆ ಕೆಂಪು ಮಣ್ಣು ಕೂತರೆ ಒರೆಸುವ ಬಟ್ಟೆಗೆ ಬರುವುದಿಲ್ಲ. ಜಾರದಿರುವಷ್ಟು ಉರುಟು ಸಾಕು. ಆಕ್ಸಿಲರೇಟರ್ ಕೆಳಗೆ ಬಲ ಹಿಮ್ಮಡಿ ಊರುವ ಜಾಗಕ್ಕೆ ಮಾತ್ರ ಮೂರನೆಯ ಕೈ ಕೊಡಿ. ಇಡೀ ನೆಲದಲ್ಲಿ ಮೊದಲು ಸವೆಯುವುದು ಅಂಗೈಯಗಲದ ಆ ಜಾಗ. ಟೇಪನ್ನು ಕೋಟಿಂಗ್ ಅಂಟಂಟಾಗಿರುವಾಗಲೇ ಎತ್ತಬೇಕು. ಮರುದಿನ ಎಳೆದರೆ ಅಂಚು ಹರಿಯುತ್ತದೆ.

ಐಸೊಸಯನೇಟಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಉಸಿರಾಟದಲ್ಲಿ ಒಳಹೋದರೆ ಅಸ್ತಮಾ ತರಬಲ್ಲದು. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಜೀವನಪೂರ್ತಿ ಅತಿ ಸ್ವಲ್ಪಕ್ಕೂ ಎದೆ ಬಿಗಿಯುತ್ತದೆ. ವಾಸನೆ ಗೊತ್ತಾಗುವಷ್ಟರಲ್ಲಿ ಮಿತಿ ದಾಟಿರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ, ಧೂಳಿನ ಮಾಸ್ಕ್ ಏನೂ ತಡೆಯುವುದಿಲ್ಲ. ಗನ್ನಿನಲ್ಲಿ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಸರಿ. ಅದಿಲ್ಲದವರು ಬಯಲಿನಲ್ಲಿ, ಬಾಗಿಲು ಡಿಕ್ಕಿ ಎಲ್ಲ ತೆರೆದು, ಆರ್ಗ್ಯಾನಿಕ್ ಆವಿಯ ಹೊಸ ಕಾರ್ಟ್ರಿಜ್ ಹಾಕಿದ ಮಾಸ್ಕ್, ನೈಟ್ರೈಲ್ ಗ್ಲೌಸ್, ಕನ್ನಡಕ, ಮೈ ಮುಚ್ಚುವ ಬಟ್ಟೆ ಹಾಕಿ ರೋಲರಿನಲ್ಲಿ ಹಚ್ಚುವುದಕ್ಕಷ್ಟೇ ನಿಲ್ಲಬೇಕು. ಗ್ಯಾರೇಜಿನ ಹುಡುಗನ ಕೈಗೆ ಗನ್ ಕೊಟ್ಟು ದೂರ ನಿಲ್ಲುವ ಮಾಲೀಕರು, ಆ ಹುಡುಗನ ಮುಖಕ್ಕೆ ಏನಿದೆ ಎಂದು ನೋಡಿ ಹಣ ಕೊಡಲಿ. ಹತ್ತಿರ ಬೀಡಿ, ವೆಲ್ಡಿಂಗ್ ಎರಡೂ ಬೇಡ.

ಒಂದೆರಡು ದಿನಕ್ಕೆ ಸೀಟು ಕೂರಿಸಬಹುದು, ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ. ಅಲ್ಲಿವರೆಗೆ ನೀರು ಬೇಡ, ರಬ್ಬರ್ ಮ್ಯಾಟ್ ಬೇಡ, ರಾತ್ರಿ ಗಾಜು ಸ್ವಲ್ಪ ಇಳಿಸಿರಲಿ. ಬೆಲ್ಟಿನ ಬೋಲ್ಟನ್ನು ಆ ಗಾಡಿಯ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಬೇಕು.

ತೊಳೆಯುವ ನೆಲವೆಂದ ಮೇಲೆ ನೀರಿಗೆ ಬಾಗಿಲು ಬೇಕು. ಹೆಚ್ಚಿನ ಗಾಡಿಗಳ ನೆಲದಲ್ಲಿ ಕಾರ್ಖಾನೆಯವರೇ ಬಿಟ್ಟ ತೂತು, ಅದಕ್ಕೆ ರಬ್ಬರ್ ಮುಚ್ಚಳ ಇರುತ್ತದೆ. ಕಾಲಿಡುವ ನಾಲ್ಕು ತಗ್ಗುಗಳಲ್ಲಿ ಅತಿ ಕೆಳಗಿನದನ್ನು ಆರಿಸಿ, ಹೊಸ ಮುಚ್ಚಳ ತಂದು ಸೀಲೆಂಟ್ ಹಾಕದೆ ಕೂರಿಸಿ. ಉಳಿದವಕ್ಕೆ ಸೀಲೆಂಟ್ ಹಾಕಿ ಖಾಯಂ ಮುಚ್ಚಿ. ಹೊಸದಾಗಿ ಕೊರೆಯುವುದಾದರೆ ಮೊದಲು ಕೆಳಗೆ ಇಣುಕಿ ನೋಡಬೇಕು. ಕೆಳಗೆ ಪೆಟ್ಟಿಗೆಯಂಥ ಚಾನೆಲ್ ಇದ್ದರೆ ನೀರು ಹೊರಗೆ ಹೋಗದೆ ಅದರೊಳಗೆ ತುಂಬಿ, ಕಣ್ಣಿಗೆ ಕಾಣದೆ ಗಾಡಿಯ ಬೆನ್ನೆಲುಬನ್ನೇ ತಿನ್ನುತ್ತದೆ. ಓಡಿಸುವಾಗ ಮುಚ್ಚಳ ಹಾಕಿರಲೇಬೇಕು. ತೆರೆದ ತೂತಿನಿಂದ ಧೂಳಿನ ಜತೆ ಸೈಲೆನ್ಸರಿನ ಹೊಗೆಯೂ ಒಳಬರುತ್ತದೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕಾರ್ಪೆಟ್ ಹೋದ ಗಾಡಿಯಲ್ಲಿ ಸದ್ದು ಹೆಚ್ಚು, ಟನಲ್ ಬಳಿ ಕಾಲಿಗೆ ಬಿಸಿ ತಗಲುತ್ತದೆ. ಅರ್ಧ ಮಿಲಿಮೀಟರ್ ಕೋಟಿಂಗ್ ಸದ್ದು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೆ ಅಷ್ಟು ತೂಕವೇ ಇಲ್ಲ. ನೀರು ಹೀರದ ಮುಚ್ಚಿದ ಕಣದ ಫೋಮ್ ಹಾಳೆಯನ್ನು ತಗ್ಗುಗಳ ಅಳತೆಗೆ ಕತ್ತರಿಸಿ, ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಬಹುದು. ಎರಡನ್ನೂ ಅಂಟಿಸಬಾರದು, ಎತ್ತಿ ಒಣಗಿಸಲು ಬರಬೇಕು. ಕಿತ್ತ ಫೆಲ್ಟಿನ ಆಕಾರವನ್ನು ಅಳತೆಗೆ ಬಳಸಿಕೊಳ್ಳಿ. ಡ್ರೈವರ್ ಮ್ಯಾಟ್ ಮಾತ್ರ ಮುಂದೆ ಸರಿದು ಪೆಡಲಿನಡಿ ಸಿಕ್ಕದಂತೆ ಕೊಕ್ಕೆ ಹಾಕಿ ನಿಲ್ಲಿಸಿ.

ತೊಳೆಯಬಹುದು ಎಂದರೆ ಪ್ರೆಷರ್ ವಾಷರ್ ಹಿಡಿಯಬಹುದು ಎಂದಲ್ಲ. ಸೀಟಿನಡಿಯ ಕನೆಕ್ಟರುಗಳು, ಕನ್ಸೋಲಿನ ಕೆಳಗಿನ ಏರ್‌ಬ್ಯಾಗ್ ಪೆಟ್ಟಿಗೆ, ಪಕ್ಕದ ಪ್ಯಾನೆಲ್ ಹಿಂದಿನ ವೈರಿಂಗ್ ನೀರಿಗಾಗಿ ಮಾಡಿದವಲ್ಲ. ಕನೆಕ್ಟರುಗಳನ್ನು ಕೇಬಲ್ ಟೈಯಿಂದ ಸೀಟಿನ ತಳಕ್ಕೆ ಎತ್ತಿ ಕಟ್ಟಿ, ನೆಲದ ವೈರುಗಳನ್ನು ಸುಕ್ಕುಪೈಪಿಗೆ ಹಾಕಿ ಹೊಸ್ತಿಲ ಬದಿಗೆ ಕ್ಲಿಪ್ ಮಾಡಿ. ಒಂದು ಬಕೆಟ್ ನೀರು, ಸೌಮ್ಯ ಸೋಪು, ಮೆದು ಬ್ರಷ್ ಸಾಕು. ಮೈಲುತುತ್ತ, ಗೊಬ್ಬರ, ಮೀನಿನ ನೀರು ಚೆಲ್ಲಿದ ದಿನವೇ ತೊಳೆಯಬೇಕು.

ಮುಂದೊಂದು ದಿನ ಕೋಟಿಂಗ್ ಎಲ್ಲೋ ಎದ್ದರೆ ಅದು ಏಳುವ ರೀತಿಯೇ ಕಾರಣ ಹೇಳುತ್ತದೆ. ಹಾಳೆಯಂತೆ ಸುಲಿದು ಬಂದು ಹಿಂಬದಿ ನುಣುಪಾಗಿದ್ದರೆ ಉಜ್ಜಿದ್ದು ಸಾಲದು, ಇಲ್ಲವೇ ಸಿಲಿಕೋನ್ ಉಳಿದಿತ್ತು. ಹಿಂಬದಿಗೆ ಪ್ರೈಮರೂ ಅಂಟಿ ಬಂದಿದ್ದರೆ ತಗಡಿನ ಮೇಲೆ ಜಿಡ್ಡೋ ತೇವವೋ ಇತ್ತು. ಕೆಂಪು ಪುಡಿ ಅಂಟಿದ್ದರೆ ಕೆಳಗೆ ತುಕ್ಕು ಸಾಯಲಿಲ್ಲ. ಹೊಲಿಗೆಯ ಉದ್ದಕ್ಕೆ ಮಾತ್ರ ಕಂದು ಗೆರೆ ಕಂಡರೆ ನೀರು ಗಾಡಿಯ ಅಡಿಯಿಂದ ಬರುತ್ತಿದೆ, ಸೀಲೆಂಟ್ ಕೆಳಬದಿಗೆ ಬೇಕು. ಯಾವುದೇ ಇರಲಿ, ಬ್ಲೇಡಿನಿಂದ ಗಟ್ಟಿ ಅಂಚು ಸಿಗುವವರೆಗೆ ಕತ್ತರಿಸಿ, ಸುತ್ತ ಎರಡು ಬೆರಳಗಲ ಉಜ್ಜಿ, ಎಪಾಕ್ಸಿ ಹಚ್ಚಿ, ಬ್ರಷ್ಷಿನಲ್ಲಿ ತೇಪೆ ಹಾಕಬಹುದು. ಅದಕ್ಕಾಗಿ ಅರ್ಧ ಲೀಟರಿನಷ್ಟನ್ನು ಕಲಸದೆ ಎತ್ತಿಡಿ. ಹಾರ್ಡ್ನರಿನ ಮುಚ್ಚಳ ಬಿಗಿಯಾಗಿರಲಿ, ತೇವ ಸೋಕಿದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ.

ಮೊದಲ ಮಳೆಗಾಲದಲ್ಲಿ ವಾರಕ್ಕೊಮ್ಮೆ ಮ್ಯಾಟ್, ಫೋಮ್ ಎರಡನ್ನೂ ಎತ್ತಿ ಅಂಗೈ ಆಡಿಸಿ ನೋಡಿ. ಮಳೆ ನಿಂತು ಬಿಸಿಲು ಬಂದ ಒಂದು ಭಾನುವಾರ ಗಾಡಿಯ ಅಡಿಗೆ ಹೋಗಿ ಬೆಸುಗೆಯ ಹಿಂಬದಿ, ಮುಚ್ಚಳಗಳ ಸುತ್ತಲಿನ ಅಂಚು, ಬಾಗಿಲಿನ ಕೆಳ ತೂತುಗಳನ್ನು ಟಾರ್ಚಿನಲ್ಲಿ ನೋಡಿ, ಸೀಟಿನ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.